ಗಾಜಿನ ಬೀರುವಿನಲ್ಲಿ ರೇಸ್ ಹೆಡ್ಡು

ಗಾಜಿನ ಬೀರುವಿನಷ್ಟು ನನ್ನನ್ನು ಕೆರಳಿಸುವ ವಸ್ತು ಈ ಜಗತ್ತಿನಲ್ಲಿ ಇನ್ನೊಂದಿಲ್ಲ ಎಂದು ಈಚೆಗೆ ನನ್ನ ಅಂಕಣದಲ್ಲಿ ಬರೆದಿದ್ದೆ. ಸುಮ್ಮನೆ ಬರೆದಿರಲಿಲ್ಲ, ಉರಿದುಬಿದ್ದಿದ್ದೆ. ಬಾರಿಸದ ಪಿಟೀಲು, ಕೀಲಿ ಕೊಡದ ಗಡಿಯಾರ, ಕಾಗದದ ಮುಖ ಕಾಣದ ಪೆನ್ನು, ಇವನ್ನೆಲ್ಲ ಗಾಜಿನ ಹಿಂದೆ ಕೂಡಿಹಾಕಿ ಬಂದವರ ಮುಂದೆ ಹಲ್ಲು ಕಿರಿಯುವವರನ್ನು ‘ವಸ್ತುಗಳ ಜೈಲರುಗಳು’ ಎಂದು ಕರೆದಿದ್ದೆ. “ಓಡಲು ಹುಟ್ಟಿದ್ದು ಓಡಬೇಕು, ಓಡಿಸಲಾರದವನು ಅದನ್ನು ಮುಟ್ಟಕೂಡದು” ಎಂದು ಕೊನೆಯ ಸಾಲು ಬರೆದು, ಅದರ ಸೊಗಸಿಗೆ ನಾನೇ ಎರಡು ನಿಮಿಷ ತಲೆದೂಗಿದ್ದೆ. (ನಾನು ಶಾಲೆಯಲ್ಲಿ ಕಲಿತದ್ದು ಕಡಿಮೆ. ರದ್ದಿ ಅಂಗಡಿಯ ಪುಸ್ತಕ ಓದಿಕೊಂಡು ಬೆಳೆದವನು. ನನ್ನ ಸಿಟ್ಟು ಪೂರ್ತಿ ಸ್ವಯಾರ್ಜಿತ; ಅದಕ್ಕೆ ಯಾವ ಕಾಲೇಜಿನ ಹಂಗೂ ಇಲ್ಲ.)

ಲೇಖನ ಅಚ್ಚಾದ ಮೂರನೆಯ ದಿನ ಮುದುಕರೊಬ್ಬರು ಬಾಗಿಲು ತಟ್ಟಿದರು. ಒಂದು ಕೈಯಲ್ಲಿ ಪತ್ರಿಕೆಯಿಂದ ಕತ್ತರಿಸಿದ ನನ್ನ ಲೇಖನ, ಇನ್ನೊಂದು ಕೈಯಲ್ಲಿ ಭಾರದ ಗೋಣಿಚೀಲ. ಒಂದು ಕಾಲದಲ್ಲಿ ರೇಸ್ ಕಾರುಗಳ ಇಂಜಿನ್ ಕಟ್ಟುತ್ತಿದ್ದವರಂತೆ. ಇವತ್ತಿಗೂ ಗೊತ್ತಿದ್ದವರು ‘ಮೇಸ್ತ್ರಿ’ ಎಂದೇ ಕರೆಯುವುದು. ಚೀಲದಿಂದ ಅವರು ಹೊರತೆಗೆದದ್ದು ಮೊಳಕ್ಕಿಂತ ತುಸು ಉದ್ದದ, ಮೈತುಂಬ ತೂತುಗಳಿದ್ದ ಅಲ್ಯೂಮಿನಿಯಂ ದಿಮ್ಮಿ.

“ಸಿಲಿಂಡರ್ ಹೆಡ್ಡು ಸಾರ್. ಇಂಜಿನ್ನಿನ ಮೇಲಿನ ಅರ್ಧ. ಗಾಳಿ, ಪೆಟ್ರೋಲು ಒಳಗೆ ಹೋಗೋದು, ಹೊಗೆ ಹೊರಗೆ ಬರೋದು ಎಲ್ಲ ಇದರಿಂದಲೇ. ಇದು ಅಂಗಡಿಗೆ ಬಂದ ಮಾಲಲ್ಲ. ಜಪಾನಿನ ಕಂಪನಿಯವರು ರೇಸಿಗೆ ಅಂತಲೇ ಬೆರಳೆಣಿಕೆಯಷ್ಟು ಮಾಡಿದ್ದು. ನಿಮ್ಮನೆ ಮುಂದೆ ನಿಂತಿದೆಯಲ್ಲ ಹಳೇ ಜಪಾನ್ ಕಾರು, ಅದೇ ಇಂಜಿನ್ನಿಗೆ ಕೂರುತ್ತೆ. ಹೊರಗಿಂದ ನೋಡಿದ್ರೆ ಇದೂ ಮಾಮೂಲಿ ಹೆಡ್ಡೂ ಅವಳಿಜವಳಿ. ವ್ಯತ್ಯಾಸ ಎಲ್ಲ ಗಂಟಲಲ್ಲಿ. ಇದು ಹಾಡೋ ಗಂಟಲು.”

ಆಮೇಲೆ ಅವರು ತಮ್ಮ ಬಲಗಿವಿ ಮುಟ್ಟಿ ತೋರಿಸಿದರು. “ಇದು ಹೋಗಿ ಎರಡು ವರ್ಷ ಆಯ್ತು. ಎಡಗಿವಿನೂ ಹೆಚ್ಚು ದಿನ ಇರಲ್ಲ ಅಂದ್ರು ಡಾಕ್ಟ್ರು. ಇಂಜಿನ್ ಪಕ್ಕದಲ್ಲೇ ಬದುಕಿದ್ದಕ್ಕೆ ಇಷ್ಟಾದ್ರೂ ಆಗಬೇಕಲ್ಲ. ಹೋಗೋದರೊಳಗೆ ಇದು ಹಾಡೋದನ್ನ ಒಂದ್ಸಲ ಕೇಳ್ಬೇಕು. ಶೋಕಿಗೆ ಇಟ್ಕೊಳ್ಳೋರು ಎಷ್ಟೋ ಜನ ಕೇಳಿದ್ರು, ಕೊಡಲಿಲ್ಲ. ನೀವಾದ್ರೆ ಓಡಿಸ್ತೀರಿ. ನೀವು ಬರೆದಿದ್ದೀರಲ್ಲ!”

ನನ್ನ ಕಣ್ಣು ಒದ್ದೆಯಾಯಿತು. “ಒಂದೇ ವಾರ ಮೇಸ್ತ್ರಿ!” ಎಂದು ಅವರ ಎಡಗಿವಿಯಲ್ಲಿ ಘೋಷಿಸಿದೆ.

ಇಲ್ಲೊಂದು ಸಣ್ಣ ವಿಷಯ ಹೇಳಿಬಿಡಬೇಕು. ಕಾರು ನನ್ನದಲ್ಲ, ನನ್ನ ಹೆಂಡತಿಗೆ ಅವಳ ಅಪ್ಪ ಕೊಟ್ಟದ್ದು. ಅವಳು ಡ್ರೈವಿಂಗ್ ಶಾಲೆ ನಡೆಸುತ್ತಾಳೆ. ಊರಿನ ಅರ್ಧ ಜನಕ್ಕೆ ಕ್ಲಚ್ಚು ಬಿಡುವುದನ್ನು ಹೇಳಿಕೊಟ್ಟವಳು, ನನ್ನನ್ನು ಮಾತ್ರ ಮೂರನೆಯ ಪಾಠಕ್ಕೇ ಕಾರಿನಿಂದ ಇಳಿಸಿ “ನೀವು ಬರೀರಿ, ಸಾಕು” ಎಂದಿದ್ದಳು.

ಮೇಸ್ತ್ರಿ ಹೋದ ಮೇಲೆ ನಾನು ಹೆಡ್ಡನ್ನು ಒರೆಸಲು ಕುಳಿತೆ. ತಪ್ಪಾದದ್ದು ಅಲ್ಲೇ. ಒರೆಸಿದಷ್ಟೂ ಅದು ಹೊಳೆಯಿತು. ಹೊಳೆದಷ್ಟೂ, ಇಂಥದ್ದು ಊರಲ್ಲಿ ಇನ್ನೊಬ್ಬರ ಹತ್ತಿರ ಇಲ್ಲವಲ್ಲ ಎಂದು ಎದೆಯೊಳಗೆ ಯಾರೋ ಪಿಸುಗುಟ್ಟತೊಡಗಿದರು. ಇದನ್ನು ಒಯ್ದು ಎಣ್ಣೆ, ಮಸಿ, ಬೆಂಕಿಯ ನಡುವೆ ಬೋಲ್ಟು ಹಾಕಿ ಬಿಗಿಯುವುದೇ? ಮಗುವನ್ನು ಯಾರಾದರೂ ಒಲೆಗೆ ಹಾಕುತ್ತಾರೆಯೇ? ಸಂಜೆ ಪಾಠ ಮುಗಿಸಿ ಬಂದ ಹೆಂಡತಿ ಹೊಸ್ತಿಲಲ್ಲೇ ನಿಂತಳು.

“ರೀ, ಬೀರುವಿನಲ್ಲಿದ್ದ ನನ್ನ ಪಿಂಗಾಣಿ ಕಪ್ಪುಗಳು ಎಲ್ಲಿ?”

“ಅಟ್ಟದ ಮೇಲೆ.”

“ಯಾಕೆ?”

“ಹೆಡ್ಡಿಗೆ ಧೂಳು ಕೂರಬಾರದಲ್ಲ.”

“ಇಂಜಿನ್ ಮೇಲೆ ಕೂರಿಸಿ. ಒಳಗೆ ಧೂಳು ಹೋಗಲ್ಲ.”

“ಅದಕ್ಕೆ ಸರಿಯಾದ ಗ್ಯಾಸ್ಕೆಟ್ಟು ಸಿಗಬೇಕು ಕಣೇ. ಸುಮ್ಮನೆ ಆಗುತ್ತಾ?”

“ಗ್ಯಾಸ್ಕೆಟ್ಟು ಅಂದ್ರೇನು, ಹೇಳಿ ನೋಡೋಣ.”

“ಅದು… ಮಧ್ಯದಲ್ಲಿ ಬರುತ್ತೆ.”

“ಯಾವುದರ ಮಧ್ಯದಲ್ಲಿ?”

“ಎಲ್ಲದರ ಮಧ್ಯದಲ್ಲಿ!” ಎಂದು ಗುಡುಗಿದೆ. (ವಿಷಯ ಗೊತ್ತಿಲ್ಲದಾಗ ಗುಡುಗುವುದು ಅಂಕಣಕಾರರ ಆಪದ್ಧನ.)

ಮೇಸ್ತ್ರಿ ಪ್ರತಿ ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತಿದ್ದರು. ಮೊದಲ ವಾರ, “ಸಾರ್, ಎಡಗಿವಿ ಇನ್ನೂ ಇದೆ” ಎಂದು ನಕ್ಕರು. ನಾನು ತಡವಾದ ತಪ್ಪನ್ನು ಗ್ಯಾಸ್ಕೆಟ್ಟಿನ ಮೇಲೆ ಹಾಕಿದೆ. ಎರಡನೆಯ ವಾರ ಎಣ್ಣೆಯ ಮೇಲೆ ಹಾಕಿದೆ. ಮೂರನೆಯ ವಾರ ಗ್ಯಾರೇಜಿನವನ ಅಜ್ಜಿಗೆ ಹುಷಾರಿಲ್ಲ ಎಂದೆ. ಐದನೆಯ ವಾರ ನಾನು ಹೇಳಿದ ಸುಳ್ಳು ಅವರಿಗೆ ಕೇಳಿಸಲೇ ಇಲ್ಲ. ಮತ್ತೊಮ್ಮೆ ಕೂಗಿ ಹೇಳಬೇಕಾಯಿತು. ಸುಳ್ಳನ್ನು ಮೆಲ್ಲಗೆ ಹೇಳುವುದು ಸುಲಭ. ಕೂಗಿ ಹೇಳುವಾಗ ಅದು ನಮಗೂ ಕೇಳಿಸುತ್ತದೆ.

“ಆ ಮುದುಕರ ಕಿವಿ ನಿಮ್ಮ ಬೀರುವಿಗಿಂತ ಕಡೆಯಾಯ್ತಾ?” ಎಂದಳು ಹೆಂಡತಿ. ನಾನು ಪೆನ್ನು ಹುಡುಕತೊಡಗಿದೆ. ಸಾಮಾಜಿಕ ಅನ್ಯಾಯದ ಬಗ್ಗೆ ಅಂಕಣ ಬರೆಯುವುದಿತ್ತು.

ಆರನೆಯ ವಾರ ಮೇಸ್ತ್ರಿ ನೆಪ ಕೇಳಿಸಿಕೊಳ್ಳುವ ಗೋಜಿಗೇ ಹೋಗಲಿಲ್ಲ. “ಬರೋ ಭಾನುವಾರ ಹತ್ತು ಗಂಟೆಗೆ ಬರ್ತೀನಿ ಸಾರ್. ಅದಾದ ಮೇಲೆ ಬಂದು ಪ್ರಯೋಜನ ಇಲ್ಲ” ಎಂದು ಫೋನ್ ಇಟ್ಟರು.

ಆಗ ನನ್ನ ತಲೆಯಲ್ಲಿ ಆ ಮಹಾನ್ ಯೋಜನೆ ಹೊಳೆಯಿತು. ಅವರಿಗೆ ಕೇಳಿಸುವುದೇ ಅಷ್ಟಕ್ಕಷ್ಟೆ. ಕಾರಿನಲ್ಲಿ ಈಗಿರುವ ಮಾಮೂಲಿ ಹೆಡ್ಡೇ ಇರಲಿ, ಸೈಲೆನ್ಸರ್ ಬಿಚ್ಚಿಟ್ಟರೆ ಸಾಕು, ಆರ್ಭಟಕ್ಕೆ ಮುದುಕರು ಮರುಳಾಗುತ್ತಾರೆ! ಸೋಮವಾರವೇ ಬೀದಿ ಕೊನೆಯ ಗ್ಯಾರೇಜಿನವನನ್ನು ಹಿಡಿದೆ.

“ಅಕ್ಕನಿಗೆ ಗೊತ್ತಾ ಸಾರ್?” ಎಂದ ಅವನು. (ಅವನೂ ನನ್ನ ಹೆಂಡತಿಯ ಹತ್ತಿರವೇ ಕಾರು ಕಲಿತವನು.)

“ಅಕ್ಕನ ಕಿವಿಗೆ ಬಿತ್ತೋ, ನಿನ್ನ ಗ್ಯಾರೇಜಿನ ಬಗ್ಗೆ ಅಂಕಣ ಬರೀತೀನಿ!”

ಅವನು ಹೆದರಿ ತಲೆಯಾಡಿಸಿದ. ಸತ್ಯದ ಲೇಖನಿಗೆ ಇನ್ನೂ ಬೆಲೆ ಇದೆ ಎಂದುಕೊಂಡೆ.

ಬುಧವಾರ ಇಡೀ ದಿನ ಪತ್ರಿಕಾ ಕಚೇರಿಯಲ್ಲಿ ಕುಳಿತು ‘ಕೊಟ್ಟ ಮಾತಿಗೆ ತಪ್ಪುವ ಸಮಾಜ’ ಎಂಬ ಅಂಕಣ ಬರೆದೆ. ಗುರುವಾರ ಸಂಪಾದಕರನ್ನೇ ಮನೆಗೆ ಕರೆತಂದು ಬೀರುವಿನ ಮುಂದೆ ನಿಲ್ಲಿಸಿದೆ. “ಮುಟ್ಟಿ ನೋಡಿ ಸಾರ್, ಬೆರಳಿಗೇ ತಿಳಿಯುತ್ತೆ. ಮಾಮೂಲಿ ಹೆಡ್ಡಿಗೆ ಈ ನಯ ಎಲ್ಲಿಂದ ಬರಬೇಕು!” ಸಂಪಾದಕರು ಭಕ್ತಿಯಿಂದ ಮುಟ್ಟಿದರು. ಒಳಗೆ ಹೆಂಡತಿ ಕೆಮ್ಮಿದಳು.

ಶನಿವಾರ ಅವಳಿಗೆ ಯೋಜನೆ ಹೇಳಲೇಬೇಕಾಯಿತು, ಕಾರು ಸ್ಟಾರ್ಟ್ ಮಾಡುವವಳು ಅವಳೇ ತಾನೇ. ಬೈಗುಳಕ್ಕೆ ಸಿದ್ಧನಾಗಿ ಕುರ್ಚಿಯ ಹಿಂದೆ ನಿಂತು ಹೇಳಿದೆ. ಅವಳು “ಸರಿ” ಎಂದಳು, ಅಷ್ಟೆ. ಮದುವೆಯಾದ ಇಷ್ಟು ವರ್ಷಗಳಲ್ಲಿ ಒಂದೇ ಮಾತಿಗೆ ಒಪ್ಪಿದ್ದು ಅದೇ ಮೊದಲು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಭಾನುವಾರ ಬೆಳಿಗ್ಗೆ ಬೀರುವಿನಿಂದ ಹೆಡ್ಡನ್ನು ಎತ್ತಿ, ಹೆಂಡತಿಯ ಶಾಲು ಸುತ್ತಿ, ಸೊಂಟ ಹಿಡಿದುಕೊಂಡು ಉಗ್ರಾಣಕ್ಕೆ ಸಾಗಿಸಿದೆ. “ಸ್ವಲ್ಪ ಹೊತ್ತು ಸುಮ್ಮನಿರು ಕಂದಾ” ಎಂದು ತಟ್ಟಿದ್ದೂ ನಿಜ.

ಹತ್ತಕ್ಕೆ ಸರಿಯಾಗಿ ಮೇಸ್ತ್ರಿ ಬಂದರು. ಇಸ್ತ್ರಿ ಮಾಡಿದ ಅಂಗಿ, ನುಣ್ಣಗೆ ಬೋಳಿಸಿದ ಗಡ್ಡ. ಕೈಯಲ್ಲಿ ಮೊಳದುದ್ದದ ಸ್ಕ್ರೂಡ್ರೈವರ್. ಗ್ಯಾರೇಜಿನವನು ಬಾನೆಟ್ ಎತ್ತಿದ. ಹೆಂಡತಿ ಕೀಲಿ ತಿರುಗಿಸಿದಳು. ಕಾರು ಒಮ್ಮೆ ನಡುಗಿ, ಬೀದಿಯೇ ಎದ್ದು ಕೂರುವಂತೆ ಗರ್ಜಿಸಿತು. ಸೈಲೆನ್ಸರ್ ಬಿಚ್ಚಿಸಿದ್ದು ಭೇಷಾಯಿತು, ಎಂದುಕೊಂಡೆ.

ಆದರೆ ಮೇಸ್ತ್ರಿ ಸ್ಕ್ರೂಡ್ರೈವರಿನ ತುದಿಯನ್ನು ಹೆಡ್ಡಿನ ಮೇಲಿಟ್ಟು, ಹಿಡಿಯನ್ನು ಎಡಗಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡರು. ಇಂಜಿನ್ನಿನ ಹೊಟ್ಟೆಯ ಮಾತನ್ನು ಹಳೆಯ ಮೆಕ್ಯಾನಿಕ್‌ಗಳು ಕೇಳುವುದು ಹಾಗೆಯಂತೆ. ಸೈಲೆನ್ಸರಿನ ಸುಳ್ಳು ಗಾಳಿಯಲ್ಲಿ ನಡೆದೀತು, ಮೂಳೆಯೊಳಗೆ ನಡೆಯುತ್ತದೆಯೇ?

ಅವರು ಕಣ್ಣು ಮುಚ್ಚಿದರು. ಹೆಂಡತಿ ಆಕ್ಸಿಲರೇಟರ್ ಒತ್ತಿದಳು. ಮುದುಕರ ಗದ್ದ ನಡುಗಿತು, ಮುಚ್ಚಿದ ರೆಪ್ಪೆಯಡಿಯಿಂದ ನೀರು ಇಳಿಯಿತು. “ಅದೇ…” ಎಂದರು. “ಅದೇ ಹಾಡು.”

ನನ್ನ ಅಂತಃಸಾಕ್ಷಿ ಬಲು ಹರಿತ ಎಂದು ಓದುಗರು ಆಗಾಗ ಪತ್ರ ಬರೆಯುತ್ತಾರೆ. ಹರಿತವೇನೋ ಹೌದು, ಆದರೆ ಆರು ವಾರ ಗೊರಕೆ ಹೊಡೆಯುತ್ತಿದ್ದದ್ದು ಆ ಕ್ಷಣಕ್ಕೇ ಎದ್ದು ಕೂರಬೇಕೆ! ಕಿವಿಯ ಕೊನೆಯ ದಿನಗಳನ್ನು ಈ ಮನುಷ್ಯ ಒಂದು ಮೋಸಕ್ಕೆ ಖರ್ಚು ಮಾಡುತ್ತಿದ್ದಾನೆ, ಅದೂ ಕಣ್ಣೀರಿಟ್ಟುಕೊಂಡು. ನನ್ನಿಂದ ತಡೆಯಲಾಗಲಿಲ್ಲ.

“ಮೇಸ್ತ್ರಿ, ನಾನು ನಿಮಗೆ ಮೋಸ ಮಾಡಿದೆ” ಎಂದೆ.

“ಆಂ?”

“ಮೋಸ ಮಾಡಿದೆ!”

“ಗಟ್ಟಿಯಾಗಿ ಹೇಳಿ ಸಾರ್, ಇಂಜಿನ್ ಓಡ್ತಿದೆ!”

ಪುಪ್ಪುಸದಲ್ಲಿದ್ದ ಗಾಳಿಯನ್ನೆಲ್ಲ ಒಟ್ಟುಮಾಡಿ ಬಾಯಿ ತೆರೆದೆ. ಸರಿಯಾಗಿ ಅದೇ ಗಳಿಗೆಗೆ ಹೆಂಡತಿ ಇಂಜಿನ್ ಆರಿಸಿದಳು.

“ನಾನು ಮೋಸಗಾರ! ಅದು ನಿಮ್ಮ ಹೆಡ್ಡಲ್ಲ! ನಿಮ್ಮದನ್ನ ಉಗ್ರಾಣದಲ್ಲಿ ಬಚ್ಚಿಟ್ಟಿದ್ದೀನಿ!”

ಬೀದಿಯ ಎರಡೂ ಬದಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಮೇಸ್ತ್ರಿ ನನ್ನನ್ನು ನೋಡಿದರು, ಸ್ಕ್ರೂಡ್ರೈವರನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಜ್ವರ ಬಂದವರನ್ನು ನೋಡುವ ನೋಟ.

ಹೆಂಡತಿ ಕಾರಿನಿಂದಿಳಿದು ಅವರ ಎಡಗಿವಿಯ ಹತ್ತಿರ ಬಾಗಿದಳು. “ತಾತ, ಅವರ ಮಾತು ನಂಬಬೇಡಿ. ಇದು ನಿಮ್ಮದೇ ಹೆಡ್ಡು. ಬುಧವಾರ ಕೂರಿಸಿದ್ವಿ.”

“ಸೈಲೆನ್ಸರ್ ನಾನು ಮುಟ್ಟೇ ಇಲ್ಲ ಸಾರ್” ಎಂದ ಗ್ಯಾರೇಜಿನವನು, ಕೈ ಒರೆಸಿಕೊಳ್ಳುತ್ತಾ. “ಅಕ್ಕನಿಗೆ ಸೋಮವಾರವೇ ಹೇಳ್ಬಿಟ್ಟೆ. ನೀವು ಅಂಕಣ ಬರೀತೀರಿ ಅಷ್ಟೆ. ಅಕ್ಕ ಹಾಗಲ್ಲ.”

“ಹಾಗಾದರೆ… ಬೀರುವಿನಲ್ಲಿದ್ದದ್ದು?”

“ನಮ್ಮ ಕಾರಿನ ಹಳೇ ಹೆಡ್ಡು” ಎಂದಳು ಹೆಂಡತಿ. “ಸೀಮೆಎಣ್ಣೆ ಹಾಕಿ ತಿಕ್ಕಿ ಇಟ್ಟೆ. ಬೀರು ಖಾಲಿ ಇದ್ರೆ ನೀವು ಊಟ ಬಿಡ್ತೀರಿ ಅಂತ.”

ಒಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ, ಓದುಗರೇ, ಒಂದೇ ಒಂದು ನಿಮಿಷ, ನಾನು ಆ ಬೀದಿಯ ಹೀರೋ ಆಗಿರುತ್ತಿದ್ದೆ. ನಾನಾಗಿ ಬಾಯಿಬಿಟ್ಟು ಹೇಳಿದ ಮೊದಲನೆಯ ಸತ್ಯವೂ ಸುಳ್ಳಾಗಿ ಹೋಯಿತು.

ಮೇಸ್ತ್ರಿಗೆ ಸಿಟ್ಟು ಬರಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು. ಸಿಟ್ಟಿನ ಭಾಷೆ ನನಗೆ ಬರುತ್ತದೆ. ಅವರು ಹೆಂಡತಿಯ ತಲೆ ಸವರಿ, ಮುಂದಿನ ಸೀಟಿನಲ್ಲಿ ಕುಳಿತು, ಸ್ಕ್ರೂಡ್ರೈವರನ್ನು ತೊಡೆಯ ಮೇಲಿಟ್ಟುಕೊಂಡರು. “ಒಂದು ಸುತ್ತು ಹೋಗೋಣ ತಾಯಿ, ಇನ್ನೂ ಕೇಳಿಸ್ತಿರೋವಾಗಲೇ” ಎಂದರು. ನಾನು ಹಿಂದಿನ ಬಾಗಿಲಿಗೆ ಕೈ ಹಾಕಿದೆ. “ಭಾರ ಆಗುತ್ತೆ ಸಾರ್” ಎಂದು ಗ್ಯಾರೇಜಿನವನು ವಿನಯದಿಂದ ಬಾಗಿಲು ಮುಚ್ಚಿದ.

ಮೇಸ್ತ್ರಿ ಕಿಟಕಿಯಿಂದ ತಲೆ ಹೊರಹಾಕಿದರು. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬ ಮುಖ. ಕಿವಿ ಮಂದವಾದವರ ಅಳತೆಯಲ್ಲಿ, ಅಂದರೆ ಇಡೀ ಬೀದಿಗೆ ಕೇಳಿಸುವಂತೆ, ಕೇಳಿದರು:

“ಆ ಲೇಖನ ತುಂಬ ಚೆನ್ನಾಗಿತ್ತು ಸಾರ್. ಬರೆದೋರು ಯಾರು?”

ಹೆಂಡತಿ ಗೇರು ಹಾಕುತ್ತಾ ಅವರ ಕಡೆ ತಿರುಗಿ, ಅಷ್ಟೇ ಗಟ್ಟಿಯಾಗಿ ಹೇಳಿದಳು. “ಇವರೇ ತಾತ. ಇನ್ನೂ ಓದಿಲ್ಲ, ಅಷ್ಟೆ.”

ಕಾರು ತಿರುವು ದಾಟಿತು. ಹಾಡು ಮಾತ್ರ ಬಹಳ ಹೊತ್ತು ಕೇಳಿಸುತ್ತಲೇ ಇತ್ತು. ಕಿಟಕಿಗಳ ಹಿಂದಿನ ನಗುವೂ ಕೇಳಿಸಿತು. ಏನು ಮಾಡುವುದು, ನನ್ನ ಎರಡು ಕಿವಿಗಳೂ ಚೆನ್ನಾಗಿವೆ.