ಲಿಂಬೆಹಣ್ಣು ಪಾಸು ಮಾಡಿದ ಮಷೀನು

ಕಿಸೆಯಲ್ಲಿ ಲಿಂಬೆಹಣ್ಣು ಇಟ್ಟುಕೊಂಡು ಮಷೀನು ಖರೀದಿಗೆ ಹೋಗುವ ಮನುಷ್ಯನನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಆ ಮಹಾಶಯ ನನ್ನ ಹೆಂಡತಿಯ ತಂಗಿಯ ಗಂಡ! ದೇವರು ಕೊಟ್ಟ ಷಡ್ಡಕನನ್ನು ವಾಪಸು ತೆಗೆದುಕೊಳ್ಳುವ ಅಂಗಡಿ ಎಲ್ಲಿಯೂ ಇಲ್ಲ.

ನನ್ನದು ಹುಮನಾಬಾದಿನಲ್ಲಿ ವೆಲ್ಡಿಂಗ್ ಅಂಗಡಿ, ಅವನದು ಬಸವಕಲ್ಯಾಣದಲ್ಲಿ. ಒಂದೇ ಮನೆಯ ಇಬ್ಬರು ಅಳಿಯಂದಿರು ಒಂದೇ ಕಸುಬು ಹಿಡಿಯಬಾರದೆಂದು ಯಾವುದಾದರೂ ಶಾಸ್ತ್ರದಲ್ಲಿ ಬರೆದಿಡಬೇಕಿತ್ತು. ಅವನು ಪೈಪಿಗೆ ಉಸುಕು ತುಂಬಿ, ಕಾಯಿಸಿ, ಕೈಯ ಜೋರಿನಿಂದಲೇ ಬಗ್ಗಿಸಿದರೆ ಬಳೆಯ ಹಾಗೆ ದುಂಡಗೆ ಬರುತ್ತದೆ. ಒಂದು ದುಂಡು ಪೈಪು ಇನ್ನೊಂದರ ಮೇಲೆ ಕೂರಬೇಕಾದರೆ ಅದರ ತುದಿಯನ್ನು ಮೀನಿನ ಬಾಯಿಯಂತೆ ಕೊರೆಯಬೇಕು. ಅವನು ಕೊರೆದು ಕೂರಿಸಿದರೆ ನಡುವೆ ಬೆಳಕು ಕೂಡ ನುಸುಳುವುದಿಲ್ಲ. ನನ್ನ ಅಂಗಡಿಯ ತತ್ವವೇ ಬೇರೆ. ಸಂದಿ ಬಿದ್ದರೆ ವೆಲ್ಡಿಂಗ್ ತುಂಬುತ್ತದೆ, ವೆಲ್ಡಿಂಗ್ ಕೆಟ್ಟರೆ ಪೇಂಟು ಮುಚ್ಚುತ್ತದೆ.

ಅದೂ ಹಿಂದಿನ ಮಾತು. ಎರಡು ವರ್ಷದ ಕೆಳಗೆ ಒಂದು ಶೆಡ್ಡಿನ ಮೇಲಿಂದ ಬಿದ್ದು ಬಲಗೈ ಮುರಿದುಕೊಂಡೆ. ಎಲುಬು ಕೂಡಿತು, ಶಕ್ತಿ ಕೂಡಲಿಲ್ಲ. ಅಂದಿನಿಂದ ದುಂಡು ಪೈಪಿನ ಗೊಡವೆ ಬಿಟ್ಟು ಚೌಕ ಪೈಪಿನ ಕಿಟಕಿ ಗ್ರಿಲ್ಲುಗಳಲ್ಲೇ ಕಾಲ ಹಾಕುತ್ತಿದ್ದೆ. ಯಾರಾದರೂ ಕೇಳಿದರೆ, "ಈಗ ಸೀದಾ ಡಿಸೈನೇ ಫ್ಯಾಷನ್ ಅದರೀ" ಎನ್ನುತ್ತಿದ್ದೆ. ನನ್ನ ಮಾತನ್ನು ನಾನೊಬ್ಬನೇ ನಂಬುತ್ತಿದ್ದೆ, ಅದೂ ಕೆಲವು ದಿನ ಮಾತ್ರ.

ಇನ್ನು ನಮ್ಮ ಅತ್ತೆ! ಎಳ್ಳಮಾವಾಸ್ಯೆಗೆ ಹಳ್ಳಿಖೇಡದ ಅವರ ಹೊಲದಲ್ಲಿ ಎಲ್ಲರೂ ಊಟಕ್ಕೆ ಕೂತರೆ, ಹಸಿಕಾಳು ತರಕಾರಿ ಕುದಿಸಿದ ಭಜ್ಜಿಯ ಮೊದಲ ಸೌಟು ಅವನಿಗೆ. ಹಿರಿಯ ಅಳಿಯ ನಾನು! "ಅವ ಕೈಲೆ ದುಡಿಯಾಂವ ಪಾಪ, ಉಣ್ಲಿ" ಎನ್ನುತ್ತಾರೆ. ನಾನೇನು ಕಾಲಿನಿಂದ ದುಡಿಯುತ್ತೇನೆಯೇ? ಸಣ್ಣ ಮಾತೆಂದು ನೀವು ನಗಬಹುದು. ಹೊಟ್ಟೆಕಿಚ್ಚಿಗೆ ಸಣ್ಣದು ದೊಡ್ಡದು ಇರುವುದಿಲ್ಲ. ಆ ದಿನ ಭಜ್ಜಿ ನನಗೆ ಸಪ್ಪಗೆ ಹತ್ತಿತು.

ಹೀಗಿರುವಾಗ ಮಾಣಿಕನಗರದ ಹತ್ತಿರ ಒಬ್ಬರು ಮದುವೆಗಳಿಗೆಂದು ಮಂಗಲ ಕಾರ್ಯಾಲಯ ಕಟ್ಟಿಸತೊಡಗಿದರು. ಮಾಲೀಕರು ನನ್ನ ಹಳೆಯ ಗಿರಾಕಿ. ಗುಂಡಾಗಿ ತಿರುಗುವ ಮೆಟ್ಟಿಲಿಗೆ ದುಂಡು ಪೈಪಿನ ರೇಲಿಂಗು ಬೇಕು ಎಂದು ಮೊದಲು ನನ್ನ ಹತ್ತಿರವೇ ಬಂದರು. ಊರೆಲ್ಲ ಹತ್ತಿಳಿಯುವ ಮೆಟ್ಟಿಲು! ಆ ಒಂದು ಕೆಲಸ ಮಾಡಿದರೆ ಮತ್ತೆ ಮಿಸ್ತ್ರಿ ಅನ್ನಿಸಿಕೊಳ್ಳುತ್ತೇನೆ, ಬಿಟ್ಟರೆ ಸಾಯುವತನಕ ಕಿಟಕಿಯೇ ಗತಿ. ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, "ಜರಾ ಟೈಮ್ ಕೊಡ್ರಿ" ಎಂದೆ. ಅದೇ ವಾರ ನನ್ನ ಹೆಂಡತಿ ಸುದ್ದಿ ತಂದಳು: "ನನ್ನ ತಂಗಿ ಗಂಡ ಪೈಪ್ ಬಗ್ಗಸೋ ಮಷೀನ್ ತಗೋಳಾಕತ್ತಾನಂತ್ರಿ!"

ಮುಗಿಯಿತು! ಕೈಯಲ್ಲೇ ಅಷ್ಟು ಮಾಡುವವನಿಗೆ ಮಷೀನು ಸಿಕ್ಕರೆ ನಾನು ಅಂಗಡಿಗೆ ಬೀಗ ಹಾಕಿದಂತೆಯೇ.

ಸಾಲದ್ದಕ್ಕೆ, ಆಯ್ಕೆ ಮಾಡಲು ಹೈದರಾಬಾದಿಗೆ ಹೋಗುವಾಗ ಪ್ರತಿಸಲ ನನ್ನನ್ನೂ ಎಳೆದುಕೊಂಡೇ ಹೋದ. ಉರಿಸಲಿಕ್ಕಲ್ಲದೆ ಇನ್ನೇಕೆ? ಬಸ್ಸಿನಲ್ಲಿ ಅವನ ತೊಡೆಯ ಮೇಲೆ ನಾಲ್ಕು ಪೈಪಿನ ತುಂಡುಗಳು. ಮನ್ನಾಏಖೇಳ್ಳಿ ದಾಟುವಾಗ ಕಂಡಕ್ಟರು ಕೇಳಿದ, "ಏನ್ರಿ ಇವು?"

"ಹೆಣ್ಣ ನೋಡಾಕ ಹೊಂಟೀವ್ರಿ. ಇವೇ ವರ."

ಇಡೀ ಬಸ್ಸು ನಕ್ಕಿತು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ.

ಅಂಗಡಿಯಲ್ಲಿ ಅವನ ಪರೀಕ್ಷೆ ನೋಡಬೇಕು! ತನ್ನ ಪೈಪನ್ನು ಮಷೀನಿನಲ್ಲಿ ಬಗ್ಗಿಸಿ, ಕಿಸೆಯಿಂದ ಲಿಂಬೆಹಣ್ಣು ತೆಗೆದು ಒಳಗೆ ಬಿಡುತ್ತಾನೆ. ಉರುಳಿ ಈಚೆ ಬಂದರೆ ಪಾಸು. ನಡುವೆ ಸಿಕ್ಕಿಕೊಂಡರೆ ಪೈಪು ಒಳಗೆ ಚಪ್ಪಟೆಯಾಗಿದೆ ಎಂದರ್ಥ. ಮೊದಲ ಅಂಗಡಿಯವನು ಲಿಂಬೆಹಣ್ಣು ಕಂಡು ಯಾರೋ ಮಾಟಕ್ಕೆ ಬಂದಿದ್ದಾರೆಂದು ಕುರ್ಚಿಯಿಂದ ಎದ್ದೇಬಿಟ್ಟ!

ಆಮೇಲೆ ಷಡ್ಡಕ ನನಗೆ, "ಅಣ್ಣ, ನೀ ಒಂದ್ಸಲ ಹ್ಯಾಂಡಲ್ ಹಿಡದ ನೋಡು" ಎಂದ.

"ನಿನ್ನ ಮಷೀನು, ನೀನೇ ಹಿಡಿ" ಎಂದೆ.

ಅಷ್ಟಕ್ಕೆ ಏನು ಮಾಡಿದ ಗೊತ್ತೇ? ಬಲಗೈಯನ್ನು ಟವೆಲ್ಲಿನಿಂದ ಸೊಂಟಕ್ಕೆ ಕಟ್ಟಿಕೊಂಡು, ಎಡಗೈಯೊಂದರಿಂದಲೇ ಹ್ಯಾಂಡಲ್ ಒತ್ತತೊಡಗಿದ! ಎಂಥ ಸೊಕ್ಕು! ನಾನು ಎರಡು ಕೈಯಲ್ಲಿ ಮಾಡಲಾಗದ್ದನ್ನು ಇವನು ಒಂದೇ ಕೈಯಲ್ಲಿ ಮಾಡಿ ತೋರಿಸಬೇಕೇ? ಪೈಪಿನ ತುದಿ ಕೊರೆಯುವ ಮಷೀನಿನ ಮುಂದೆಯೂ ಅದೇ ನಾಟಕ. ಒಳ್ಳೊಳ್ಳೆಯ ಮಷೀನುಗಳನ್ನು, "ಇದರ ಹ್ಯಾಂಡಲ್ ಬಲಕ್ಕದ, ನಡೆಯಂಗಿಲ್ಲ" ಎಂದು ಬಿಟ್ಟ. ಮಷೀನಿಗೂ ವಾಸ್ತು ನೋಡುವವನನ್ನು ನಾನು ಅಂದೇ ಕಂಡದ್ದು.

ಮೂರು ಸಲ ಹೋಗಿ ಮೂರು ಸಲ ಬರಿಗೈಯಲ್ಲಿ ಬಂದೆವು. ನಾಲ್ಕನೆಯ ಸಲ ಹೊರಡುವ ಮುಂಚೆ ನನ್ನ ಅಂಗಡಿಗೆ ಬಂದು, ನನ್ನನ್ನು ಕದಕ್ಕೆ ಒರಗಿಸಿ ನಿಲ್ಲಿಸಿ, ಸೊಂಟದ ಎತ್ತರಕ್ಕೆ ಚಾಕ್‌ಪೀಸಿನಿಂದ ಗೆರೆ ಎಳೆದ.

"ಏನೋ ಇದು?"

"ಸುಮ್ಮ ನಿಂದ್ರ ಅಣ್ಣ."

ರೇಲಿಂಗಿನ ಎತ್ತರ ಎಂದು ನನಗೆ ಕೂಡಲೇ ಹೊಳೆಯಿತು. ನನ್ನ ಕೆಲಸವನ್ನೂ ಕಸಿದುಕೊಂಡು, ಅಳತೆಗೆ ನನ್ನನ್ನೇ ನಿಲ್ಲಿಸುವುದೇ? ಅವನ ಜೊತೆ ಹೋಗಲಿಲ್ಲ. ತಲೆನೋವು ಎಂದೆ.

ಎರಡು ದಿನದ ಮೇಲೆ ಬೆಳಿಗ್ಗೆ ನನ್ನ ಅಂಗಡಿಯ ಮುಂದೆ ಒಂದು ಟೆಂಪೋ ನಿಂತಿತು. ಮೇಲೆ ಎರಡು ಮಷೀನು, ಅವುಗಳ ನಡುವೆ ಅವನು. ಮೆರವಣಿಗೆ ಬೇರೆ! "ಕಲ್ಯಾಣದ ದಾರಿ ಮುಂದದ" ಎಂದೆ.

"ಗೊತ್ತದ" ಎಂದು ಕೆಳಗಿಳಿದು ಮಷೀನುಗಳನ್ನು ಇಳಿಸಿಯೇಬಿಟ್ಟ. ಒಳಗೆ ಒಯ್ದು, ಕದದ ಮೇಲಿನ ಚಾಕ್‌ಪೀಸಿನ ಗೆರೆಗೆ ಹ್ಯಾಂಡಲ್ ಸರಿಯಾಗಿ ಬರುವಂತೆ ಕಟ್ಟೆ ಇಟ್ಟು ಕೂರಿಸಿದ. ಹ್ಯಾಂಡಲ್ ಎಡಕ್ಕಿತ್ತು. ಆಗಲೂ ನನ್ನ ಬುದ್ಧಿಗೆ ಹೊಳೆಯಲಿಲ್ಲ ನೋಡಿ!

"ಇಲ್ಯಾಕ ಇಡಾಕತ್ತೀ? ನಿನ್ನ ಅಂಗಡ್ಯಾಗ ಜಾಗ ಇಲ್ಲೇನು?"

"ನನಗ್ಯಾಕ ಬೇಕ ಮಷೀನು? ನನಗ ಎರಡೂ ಕೈ ಅದಾವ." ಅಂದವನೇ ನಾಲಿಗೆ ಕಚ್ಚಿಕೊಂಡ. ಆಮೇಲೆ ನನ್ನ ಮುಖ ನೋಡದೆ, "ಮೆಟ್ಟಿಲ ಸುದ್ದಿ ಅಕ್ಕ ಹೇಳ್ಯಾಳ. ಆ ಕೆಲಸ ಅಣ್ಣಂದೇ ಅಂತ ಮಾಲಕರಿಗೆ ಹೇಳಿ ಬಂದೀನಿ. ಹಿಡಿ, ಸೊಂಟದ ಭಾರ ಹಾಕು, ಕೈ ಜೋರು ಬ್ಯಾಡ" ಎಂದ.

ಎಡಗೈಯಲ್ಲಿ ಹ್ಯಾಂಡಲ್ ಹಿಡಿದು ಮೈಭಾರ ಬಿಟ್ಟೆ. ಎರಡು ವರ್ಷದ ಮೇಲೆ ನನ್ನ ಮುಂದೆ ಒಂದು ಪೈಪು ಮೆಲ್ಲಗೆ ದುಂಡಗಾಯಿತು. ಅವನು ಲಿಂಬೆಹಣ್ಣು ಒಳಗೆ ಬಿಟ್ಟು ಈ ತುದಿಗೆ ಅಂಗೈ ಒಡ್ಡಿದ. ಹಣ್ಣು ಉರುಳಿ ಬಂದು ಬಿತ್ತು.

"ಪಾಸ್, ಅಣ್ಣ!"

ನನಗೆ ನಾಚಿಕೆಯಾಯಿತು, ಅಳುವೂ ಬಂತು. ಹೈದರಾಬಾದಿನ ಅಂಗಡಿಗಳಲ್ಲಿ ಕೈ ಕಟ್ಟಿಕೊಂಡು ಜನರಿಂದ ನಗಿಸಿಕೊಂಡಾಗ ಅವನು ನಾನಾಗಿ ನಿಂತಿದ್ದ. ಪಕ್ಕದಲ್ಲೇ ನಿಂತು ಉರಿದುಕೊಂಡವನು ನಾನು. ಇವತ್ತಿಗೂ ಅವನ ಮೇಲೆ ಹೊಟ್ಟೆಕಿಚ್ಚಿದೆ. ಅಂಥ ಮನಸ್ಸು ನನಗೆ ಬರಲಿಲ್ಲವಲ್ಲ!

ಹೆಂಡತಿ ಅದೇ ಹಣ್ಣು ಹಿಂಡಿ ಶರಬತ್ತು ಮಾಡಿ ತಂದಳು. ಹಿರಿಯನೆಂದು ಮೊದಲ ಗ್ಲಾಸನ್ನು ನನ್ನ ಕಡೆ ಚಾಚಿದಳು. ಅದನ್ನು ಎಡಗೈಯಲ್ಲಿ ತೆಗೆದುಕೊಂಡು, ಶಕ್ತಿಯಿಲ್ಲದ ಬಲಗೈಯನ್ನೂ ಕೂಡಿಸಿ, ಮೊದಲು ಅವನಿಗೆ ಕೊಟ್ಟೆ.