ಸದ್ದಿಲ್ಲದ ಬೆಂಡ್ ಪೈಪು

ನನ್ನ ಸ್ಕೂಟರಿನ ಬೆಂಡ್ ಪೈಪನ್ನು ನಾನೇ ಆರಿಸುತ್ತೇನೆ, ಈ ವಿಷಯದಲ್ಲಿ ಭೂಮಂಡಲದ ಯಾವ ಪ್ರಾಣಿಯ ಸಲಹೆಯೂ ನನಗೆ ಬೇಕಿಲ್ಲ ಎಂದು ಸೋಮವಾರ ಬೆಳಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ. ನಲವತ್ತು ದಾಟಿದ ಮೇಲೆ ಸಂಜೆ ಶಾಲೆಯ ಬೆಂಚಿನಲ್ಲಿ ಕುಳಿತು ವಿಜ್ಞಾನದಲ್ಲಿ ಎಂಬತ್ತೆರಡು ಅಂಕ ತೆಗೆದವಳಿಗೆ ಒಂದು ಬಾಗಿದ ಕೊಳವೆ ಯಾವ ಲೆಕ್ಕ!

ಇಂಜಿನ್ನಿನ ಹೊಗೆಯನ್ನು ಸೈಲೆನ್ಸರಿಗೆ ತಲುಪಿಸುವ ಆ ಕೊಳವೆ ಬುಡದಲ್ಲಿ ಬಿರುಕು ಬಿಟ್ಟು ವರ್ಷವಾಗಿತ್ತು. ಎರಡು ಬಾರಿ ವೆಲ್ಡಿಂಗ್ ಮಾಡಿಸಿದರೂ ನಿಲ್ಲಲಿಲ್ಲ. ನಾನು ಬೀದಿಗೆ ತಿರುಗಿದರೆ ಕಿಟಕಿಯ ಗಾಜುಗಳು ನಡುಗುತ್ತಿದ್ದವು. ಅದನ್ನೂ ಸಹಿಸಿಕೊಂಡಿದ್ದೆ. ಆದರೆ ಗುರುವಾರ ಸಹಿಸುವಂತಿರಲಿಲ್ಲ.

ಆಸ್ಪತ್ರೆಗಳ ಹಾಸುಬಟ್ಟೆಗಳನ್ನು ಒಗೆದು, ಮಡಿಚಿ ಕಳುಹಿಸುವ ಲಾಂಡ್ರಿಯೊಂದರಲ್ಲಿ ನಾನು ಕೆಳಮಹಡಿಯ ಮೇಲ್ವಿಚಾರಕಿ. ನನ್ನ ಕೈಕೆಳಗೆ ಹನ್ನೆರಡು ಹೆಂಗಸರು. ದಿನಕ್ಕೆ ಮೂರು ಸಲ ಆಸ್ಪತ್ರೆಗಳಿಗೆ ಹೋಗಿ ಬರುವ ನಾನು ಯಾವ ಗಳಿಗೆಯಲ್ಲಿ ಒಳಹೊಕ್ಕರೂ ಹನ್ನೆರಡು ತಲೆಗಳೂ ಮೇಜಿನ ಮೇಲೆ ಬಾಗಿರುತ್ತಿದ್ದವು. ಒಂದು ಪಿಸುಮಾತೂ ಇಲ್ಲ! ಈ ಶಿಸ್ತಿನ ಕೀರ್ತಿ ಮಾಲೀಕರ ಕಿವಿಗೂ ಬಿದ್ದು, ಹೊಸದಾಗಿ ತೆರೆಯಲಿರುವ ಮೇಲ್ಮಹಡಿಯನ್ನೂ ನನಗೇ ವಹಿಸುವ ಮಾತು ನಡೆದಿತ್ತು.

"ಗುರುವಾರ ನಾನೇ ಬಂದು ಕಣ್ಣಾರೆ ನೋಡ್ತೀನಿ. ಕಾರು ರಿಪೇರಿಗೆ ಹೋಗಿದೆ, ನಿಮ್ಮ ಸ್ಕೂಟರಲ್ಲೇ ಕರ್ಕೊಂಡ್ಹೋಗಿ," ಎಂದಿದ್ದರು ಅವರು.

ಮಾಲೀಕರನ್ನು ಹಿಂದೆ ಕೂರಿಸಿಕೊಂಡು ಆ ಗುಡುಗಿನೊಡನೆ ಮೆರವಣಿಗೆ ಹೊರಡುವುದೇ? ಛೆ!

"ಸ್ವಲ್ಪ ಸದ್ದಿರೋದೇ ತಗೋ ಕಣೇ," ಎಂದರು ನಮ್ಮವರು, ಪತ್ರಿಕೆಯ ಹಿಂದಿನಿಂದ.

"ಯಾಕ್ರೀ?"

"ಸೇಫ್ಟಿಗೆ. ಜನ ಪಕ್ಕಕ್ಕೆ ಸರೀತಾರೆ."

"ಜನ ನನ್ನ ಮುಖ ನೋಡಿದ್ರೇ ಸರೀತಾರೆ!"

"ಅದೂ ನಿಜವೇ," ಎಂದು ಪತ್ರಿಕೆ ಒಪ್ಪಿಕೊಂಡಿತು.

ಲಾಂಡ್ರಿಗೆ ಹೋದರೆ ಅಲ್ಲಿಯೂ ಇದೇ ರಾಗ! ಹನ್ನೆರಡು ಜನರಲ್ಲಿ ಅತಿ ಕುಳ್ಳಿಯಾದ, ಎಲ್ಲರೂ ಗುಬ್ಬಿ ಎಂದು ಕರೆಯುವ ಹೆಂಗಸು ದಿಂಬಿನ ಚೀಲ ಮಡಿಚುತ್ತ ಕೇಳಿದಳು: "ಪೈಪ್ ಬದಲಾಯಿಸ್ತೀರಂತೆ ಮೇಡಂ? ಬೇಡಿ ಮೇಡಂ. ಹಳೇದರ ಗತ್ತೇ ಬೇರೆ. ಸಿಂಹ ಬಂದ ಹಾಗಿರುತ್ತೆ!"

ಉಳಿದ ಹನ್ನೊಂದು ತಲೆಗಳೂ ಹೌದೆಂದು ಅಲ್ಲಾಡಿದವು. ನನ್ನ ಕೊಳವೆಯ ಬಗ್ಗೆ ಇವರಿಗೇಕೆ ಇಷ್ಟು ಕಾಳಜಿ? ತಲೆ ಕೆಟ್ಟುಹೋಯಿತು.

ಗುರುವಾರ ಬೆಳಗ್ಗೆ ಮನೆಯಿಂದ ನೇರವಾಗಿ ಬಿಡಿಭಾಗಗಳ ಅಂಗಡಿಗೆ ಹೋಗಿ ಹಳೆಯ ಪೈಪು ಬಿಚ್ಚಿಸಿದೆ. ಅಂಗಡಿಯಾತ ಮೂರು ಪೈಪುಗಳನ್ನು ಕಟ್ಟೆಯ ಮೇಲಿಟ್ಟ. ನಾನು ದಾರದಿಂದ ಬಾಯಿಯ ಸುತ್ತಳತೆ ತೆಗೆದೆ, ಬೋಲ್ಟಿನ ತೂತುಗಳನ್ನು ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಿದೆ. ಮೊದಲನೆಯದರ ಬಾಗು ಎರಡು ಬೆರಳಿನಷ್ಟು ಹೆಚ್ಚು. ಅನರ್ಹ! ಎರಡನೆಯದು ಥಳಥಳಿಸುವ ಸ್ಟೀಲು. ಅದರ ಬಾಯಿ ಕೂದಲೆಳೆಯಷ್ಟು ಹೆಚ್ಚು ಅಗಲ.

"ಇದು ಜಾಯಿಂಟಲ್ಲಿ ಸ್ವಲ್ಪ ಲೀಕ್ ಆಗುತ್ತಮ್ಮಾ. ಸದ್ದು ಜೋರು. ಆದ್ರೆ ನಿಮ್ಮ ಯಜಮಾನ್ರು ನಿನ್ನೆ ಬಂದು ಇದನ್ನೇ ಕೊಡಿ ಅಂತ ಹೇಳಿ ಹೋಗಿದಾರೆ."

"ಸ್ಕೂಟರ್ ಓಡಿಸೋದು ಯಜಮಾನ್ರೋ, ನಾನೋ?"

ಆತ ತೆಪ್ಪಗೆ ಮೂರನೆಯದನ್ನು ಮುಂದೆ ತಳ್ಳಿದ. ಅದು ಕಂಪನಿಯದು. ತೂತಿಗೆ ತೂತು, ಬಾಯಿಗೆ ಬಾಯಿ! ಜೋಡಿಸಿ ಚಾಲೂ ಮಾಡಿದರೆ, ಸ್ಕೂಟರು ನಿದ್ದೆಗಣ್ಣಿನ ಬೆಕ್ಕಿನಂತೆ ಗುರುಗುಟ್ಟಿತು. ವಿಜ್ಞಾನಕ್ಕೆ ಜಯವಾಗಲಿ!

ಅಲ್ಲಿಂದ ಹೋಗಿ ಹತ್ತೂವರೆಗೆ ಮಾಲೀಕರನ್ನು ಕೂರಿಸಿಕೊಂಡು ಹೊರಟೆ. "ಇಂಜಿನ್ ಆನ್ ಇದೆಯೇನಮ್ಮಾ?" ಎಂದು ಅವರು ಕೇಳಿದಾಗ ನನ್ನ ಕತ್ತು ಒಂದಂಗುಲ ಉದ್ದವಾಯಿತು. ಲಾಂಡ್ರಿಯ ಬಾಗಿಲಲ್ಲಿ ನಿಂತು, "ನಮ್ಮಲ್ಲಿ ಸೂಜಿ ಬಿದ್ದರೂ ಕೇಳಿಸುತ್ತೆ ಸಾರ್," ಎಂದು ಬಾಗಿಲು ನೂಕಿದೆ.

ಸೂಜಿಯಿರಲಿ, ಗುಡ್ಡ ಬಿದ್ದರೂ ಕೇಳಿಸುವಂತಿರಲಿಲ್ಲ! ಬೋರಲು ಹಾಕಿದ ಬುಟ್ಟಿಯ ಮೇಲೆ ಗುಬ್ಬಿ ನಿಂತಿದ್ದಳು. ಆಸ್ಪತ್ರೆಯ ಹಾಸುಬಟ್ಟೆಯನ್ನು ನನ್ನ ಸೆರಗಿನಂತೆ ಹೆಗಲಿಗೆ ಪಿನ್ ಮಾಡಿಕೊಂಡಿದ್ದಳು. ಹ್ಯಾಂಗರಿನ ತಂತಿಯನ್ನು ಬಗ್ಗಿಸಿದ ಕನ್ನಡಕ ಮೂಗಿನ ಮೇಲಿತ್ತು. "ಮೂಲೆಗೆ ಮೂಲೆ ಸೇರ್ಬೇಕು! ನಾನು ಸಂಜೆ ಶಾಲೇಲಿ ಎಂಬತ್ತೆರಡು ತೆಗೆದೋಳು! ನಿಮ್ಮ ಕೈಲಿ ಒಂದು ದಿಂಬಿನ ಚೀಲ ಮಡಿಸೋಕಾಗಲ್ವಾ?" ನನ್ನದೇ ಕೆಮ್ಮು. ನನ್ನದೇ ಹುಬ್ಬು! ಹನ್ನೊಂದು ಜನ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

"ಗುಬ್ಬೀ!"

ಅವಳು ಬುಟ್ಟಿಯಿಂದ ಉರುಳಿ ಬಟ್ಟೆಯ ರಾಶಿಯಲ್ಲಿ ಮುಳುಗಿದಳು. ಒಳಗಿನಿಂದ ಆಕ್ಷೇಪದ ದನಿ ಬಂತು: "ಸದ್ದೇ ಆಗ್ಲಿಲ್ವಲ್ಲ ಮೇಡಂ!"

ಗೋಡೆ ಹಿಡಿದು ನಗುತ್ತಿದ್ದ ಮಾಲೀಕರು ಕಣ್ಣೊರೆಸಿಕೊಂಡು ಕಪಾಟುಗಳತ್ತ ನಡೆದರು. ಆಗ ನನಗೂ ಕಾಣಿಸಿತು. ನಾನು ಎದುರಿಗಿದ್ದರೆ ಮಧ್ಯಾಹ್ನಕ್ಕೆ ತುಂಬುವ ಕಪಾಟುಗಳು ಆಗಲೇ ತುಂಬಿಹೋಗಿದ್ದವು. ಅವರು ಒಂದು ಹಾಸುಬಟ್ಟೆ ಎಳೆದು ನೋಡಿದರು. ಮೂಲೆಗೆ ಮೂಲೆ ಸೇರಿತ್ತು!

"ಮೇಲ್ಮಹಡಿಗೂ ನಿಮ್ಮಂಥವರೇ ಬೇಕು ಅಂತಿದ್ದೆ ಮೇಡಂ. ಸಿಕ್ಕರು ಬಿಡಿ!" ಎಂದು ಅವರು ಬಟ್ಟೆಯ ರಾಶಿಯತ್ತ ಕೈ ತೋರಿಸಿದರು.

ತಲೆನೋವೆಂದು ಹೇಳಿ ಮನೆಗೆ ಹೊರಟೆ. ದಿನವೂ ನಾನು ಬರುವ ಹೊತ್ತಿಗೆ ನಮ್ಮವರು ಬೆವರೊರೆಸಿಕೊಳ್ಳುತ್ತ ಪುಸ್ತಕದ ಕಪಾಟಿನ ಧೂಳು ಹೊಡೆಯುತ್ತಿರುತ್ತಾರೆ. ಇಂದು ಸೋಫಾದಲ್ಲಿ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದರು. ಧೂಳೊರೆಸುವ ಬಟ್ಟೆ ಹೊಟ್ಟೆಯ ಮೇಲೆ ಸಿದ್ಧವಾಗಿತ್ತು.

"ರೀ!"

ಬೆಚ್ಚಿ ಎದ್ದವರು ನನ್ನನ್ನೂ ಕಿಟಕಿಯನ್ನೂ ನೋಡಿ ಹೇಳಿದರು: "ಅದಕ್ಕೇ ಕಣೇ ಹೇಳಿದ್ದು, ಸೇಫ್ಟಿಗೆ ಅಂತ!"

ಸ್ಕೂಟರು ತಿರುಗಿಸಿ ನೇರವಾಗಿ ಅಂಗಡಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅಂಗಡಿಯಾತ ಕಟ್ಟೆಯ ಕೆಳಗಿನಿಂದ ಸ್ಟೀಲಿನ ಪೈಪು ತೆಗೆದ.

"ಎತ್ತಿಡಿ, ಬಂದೇ ಬರ್ತಾಳೆ ಅಂದಿದ್ರು ಯಜಮಾನ್ರು. ಜಾಯಿಂಟಿಗೆ ಇನ್ನೊಂದು ವಾಷರ್ ಹಾಕಿ ಬಿಗಿ ಮಾಡ್ಲಾಮ್ಮಾ? ಸದ್ದು ಅಷ್ಟು ಬರಲ್ಲ."

ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ಬೇಡಪ್ಪಾ. ಸ್ವಲ್ಪ ಸಡಿಲವೇ ಇರಲಿ."