ತೊಟ್ಟಿಲಿನ ಜೊತೆ ಇನ್ನಷ್ಟು

ಸಂತೋಷಕ್ಕೆ ತೂಕವಿಲ್ಲ ಎನ್ನುವವರು ಅದನ್ನು ಗಾಡಿಗೆ ಹೇರಿ ನೋಡಿದವರಲ್ಲ. ನಾನು ನೋಡಿದ್ದೇನೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಟನ್ನು, ಕ್ವಿಂಟಾಲು ತಿಳಿಯದು. ಹಗ್ಗ ಸುತ್ತು ಬಂದು ಗಂಟು ಬಿದ್ದರೆ ಭಾರ ಸರಿಯಿದೆ ಎಂಬುದೇ ನನ್ನ ಲೆಕ್ಕ. ಅದರ ಮೇಲೆ ಮೊದಲನೇ ಮೊಮ್ಮಗಳು ಬೇರೆ! ಅವಳು ಆಕಳಿಸಿದರೂ ನಮ್ಮೂರು ದೇರೆಬೈಲಿಗೆಲ್ಲ ಸುದ್ದಿ ಮುಟ್ಟಿಸಿದವಳು ನಾನು.

ತೊಟ್ಟಿಲು ತಾಯಿಮನೆಯಿಂದಲೇ ಹೋಗಬೇಕೆಂಬುದು ನಮ್ಮ ಪದ್ಧತಿ. ಮಗಳು ಮಗುವಿನೊಂದಿಗೆ ಮುಂಚಿನ ದಿನವೇ ಸುರತ್ಕಲ್ಲಿನ ಗಂಡನ ಮನೆಗೆ ಹೋಗಿದ್ದಳು. ಹನ್ನೊಂದು ಗಂಟೆಗೆ ಮಗುವನ್ನು ತೊಟ್ಟಿಲಿಗೆ ಹಾಕುವ ಮುಹೂರ್ತ; ತೊಟ್ಟಿಲನ್ನು ಮೊದಲು ತೂಗುವವಳು ನಾನೇ ಎಂದು ಹಟ ಹಿಡಿದು ಬೀಗಿತ್ತಿಯನ್ನು ಒಪ್ಪಿಸಿದ್ದೆ. ಪಕ್ಕದ ಮನೆಯ ರೋಕಿ ತನ್ನ ಪುಟ್ಟ ಗೂಡ್ಸ್ ವ್ಯಾನು ತಂದ. ತೊಟ್ಟಿಲೊಂದೇ ಹೋದರೆ ಬೀಗಿತ್ತಿ ಏನೆಂದಾಳು? ಹಾಗಾಗಿ ಮಗುವಿನ ಸ್ನಾನಕ್ಕೆ ತಾಮ್ರದ ಹಂಡೆ, ಹಂಡೆಗೆ ಸೌದೆ, ಹತ್ತು ಮೂಟೆ ಕುಚ್ಚಲಕ್ಕಿ, ಗೋಣಿಗಟ್ಟಲೆ ತೆಂಗಿನಕಾಯಿ, ಹಲಸು, ಮುಂದೆ ಮೊಮ್ಮಗಳ ಸೀರೆ ಇಡಲಿಕ್ಕೆ ಬೇಕಾದೀತೆಂದು ಕಬ್ಬಿಣದ ಕಪಾಟು.

"ಯಮುನಕ್ಕ, ಸಾಕು. ಇದು ವ್ಯಾನು, ಹಡಗಲ್ಲ," ಎಂದ ರೋಕಿ.

"ಹಗ್ಗ ಇನ್ನೂ ಮುಟ್ತದೆ ಮಾರಾಯ! ನಿನಗೆ ಎಂತ ಹೆದರಿಕೆ?"

ಹೆದರಿಕೆ ಎಂತದೆಂದು ಇಳಿಜಾರಿನಲ್ಲಿ ಗೊತ್ತಾಯಿತು. ರೋಕಿ ಬ್ರೇಕು ತುಳಿದ, ವ್ಯಾನು ಕೇಳಲಿಲ್ಲ. ಅಕ್ಕಿ, ಹಲಸು, ಕಪಾಟು ಸೇರಿ ಹಿಂದಿನಿಂದ ನೂಕುತ್ತಿದ್ದವು. ಮುಂದೆ ಒಂದು ಸ್ಕೂಟರು. ಅಮ್ಮನ ಬೆನ್ನಿಗಂಟಿ ಕೂತ ಶಾಲೆಯ ಹುಡುಗಿ. ಒಂದು ಗೇಣು ಉಳಿದಿರುವಾಗ ವ್ಯಾನು ನಿಂತಿತು. ಏನೂ ತಿಳಿಯದ ಆ ಮಗು ತಿರುಗಿ ನನಗೆ ಕೈ ಬೀಸಿತು. ತಿರುಗಿ ಬೀಸಲು ನನ್ನ ಕೈ ಏಳಲಿಲ್ಲ.

ಹೆದ್ದಾರಿಯಲ್ಲಿ ಇನ್ಸ್‌ಪೆಕ್ಟರರು ತಡೆದು ತೂಕ ಹಾಕಿಸಿದರು. "ದಂಡ ಉಂಟು. ಲೈಸೆನ್ಸ್ ಅಮಾನತೂ ಆಗಬಹುದು. ಹೆಚ್ಚಿನದ್ದು ಇಳಿಸದೆ ಗಾಡಿ ಬಿಡುದಿಲ್ಲ."

"ಸಾರ್, ಇದೆಲ್ಲ ಮೊಮ್ಮಗಳಿಗೆ."

"ಅಮ್ಮ, ಬ್ರೇಕಿಗೆ ಅದು ಗೊತ್ತುಂಟಾ?"

ರೋಕಿಯ ಮುಖ ನೋಡಲಾಗಲಿಲ್ಲ. ಆ ಲೈಸೆನ್ಸೇ ಅವನ ಅನ್ನ. "ತಪ್ಪು ನನ್ನದು ಸಾರ್. ಬೇಕಾದರೆ ನನ್ನದನ್ನು ತೆಗೊಳ್ಳಿ," ಎಂದೆ.

"ನಿಮ್ಮ ಹತ್ರ ಲೈಸೆನ್ಸ್ ಉಂಟಾ?"

"ರೇಷನ್ ಕಾರ್ಡ್ ಉಂಟು."

ಅವರಿಗೂ ನಗು ಬಂತು. ಆದರೂ ದಂಡ ಬಿಡಲಿಲ್ಲ, ಅದನ್ನು ನಾನೇ ಕಟ್ಟಿದೆ. ರೋಕಿಯ ಲೈಸೆನ್ಸಿಗೆ ಈ ಸಲ ಬರೀ ಎಚ್ಚರಿಕೆ. ಇಳಿಸಿದ ಸಾಮಾನು ಕಾಯಲು ಒಬ್ಬರು ಬೇಕಲ್ಲ? ತೊಟ್ಟಿಲು ಸುರತ್ಕಲ್ಲಿಗೆ ಹೋಯಿತು. ನಾನು ಹೆದ್ದಾರಿಯ ಬದಿಯಲ್ಲಿ ಅಕ್ಕಿಮೂಟೆಯ ಮೇಲೆ ಕೂತೆ. ದಾರಿಹೋಕರು ಹಲಸಿಗೆ ರೇಟು ಕೇಳಿದರು. ಹನ್ನೊಂದಕ್ಕೆ ಮಗಳು ಮೊಬೈಲಿನಲ್ಲಿ ತೋರಿಸಿದಳು: ತೊಟ್ಟಿಲು ತೂಗುತ್ತಿದ್ದವಳು ಬೀಗಿತ್ತಿ! ಹೊಟ್ಟೆ ಉರಿಯಬೇಕಿತ್ತು. ಅಷ್ಟರಲ್ಲಿ ಮಗು ಆಕಳಿಸಿತು. ರೇಟು ಕೇಳಿದವರನ್ನೆಲ್ಲ ಕರೆದು ತೋರಿಸಿದೆ, ಒಂದೊಂದು ಹಲಸನ್ನೂ ಕೊಟ್ಟುಬಿಟ್ಟೆ.

ರೋಕಿ ತಿರುಗಿ ಬಂದು ಉಳಿದದ್ದನ್ನು ಅಳತೆ ನೋಡಿ ಹೇರಿದ. ಮುಂದಿನ ಸೀಟಿನಲ್ಲಿ ಕೂತ ನನಗೆ ಬೆಲ್ಟು ಹಾಕಲು ಎಳೆದ. ಇನ್ನೂ ಎಳೆದ. ಮುಟ್ಟಲಿಲ್ಲ.

"ಯಮುನಕ್ಕ, ಹಗ್ಗ ಮುಟ್ಟದಿದ್ದರೆ ನಿಮ್ಮ ಲೆಕ್ಕದಲ್ಲಿ ಎಂತ?"

ನಾನು ಹೊಟ್ಟೆಯನ್ನು ಒಳಗೆಳೆದುಕೊಂಡು ಉಸಿರು ಬಿಗಿಹಿಡಿದೆ; ಬೆಲ್ಟು ಟಕ್ಕೆಂದು ಸಿಕ್ಕಿಕೊಂಡಿತು. ಸುರತ್ಕಲ್ ಮುಟ್ಟುವವರೆಗೂ ಆ ಉಸಿರನ್ನು ಸರಿಯಾಗಿ ಬಿಡಲಿಲ್ಲ.